ಎರಡು ಗುಡ್ಡ, ನಡುವೆ ಒಂದು ಸೂರ್ಯ

(ಅಂಗನವಾಡಿ ಕಾರ್ಯಕರ್ತೆಯರು, ಪ್ರಾಥಮಿಕ ಶಾಲೆಯ ಶಿಕ್ಷಕರು ಮತ್ತು ಚಿಕ್ಕ ಮಕ್ಕಳ ತಂದೆತಾಯಿಯರ ಮುಂದೆ ಮೈಸೂರಿನಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಬಿಟ್ಟಿದ್ದೇನೆ.)

ನಮಸ್ಕಾರ. ಒಳಗೆ ಬರುವಾಗ ನಿಮಗೆಲ್ಲ ಒಂದೊಂದು ಹಾಳೆ, ಒಂದೊಂದು ಮೋಟು ಪೆನ್ಸಿಲ್ ಕೊಟ್ಟು, ‘ಒಂದು ಸೀನರಿ ಬರೆಯಿರಿ, ಎರಡೇ ನಿಮಿಷ’ ಎಂದಿದ್ದೆ. ಈಗ ಪಕ್ಕದವರ ಹಾಳೆಯ ಮೇಲೆ ಒಮ್ಮೆ ಕಣ್ಣಾಡಿಸಿ. ನಗು ಬರುತ್ತಿದೆ ಅಲ್ಲವೇ? ಎರಡು ಗುಡ್ಡ. ನಡುವೆ ಅರ್ಧ ಸೂರ್ಯ. ಗುಡ್ಡದ ಸಂದಿಯಿಂದ ಇಳಿದು ಬರುವ ನದಿ. ಪಕ್ಕಕ್ಕೊಂದು ಮನೆ, ಒಂದು ತೆಂಗಿನ ಮರ. ಮೇಲೆ ಗರಿ ಬಿಚ್ಚಿದ ನಾಲ್ಕು ಹಕ್ಕಿ. ನಾಲ್ಕೂ ಇಂಗ್ಲಿಷಿನ ವಿ ಅಕ್ಷರದ ಹಾಗಿವೆ. ಒಬ್ಬರನ್ನೊಬ್ಬರು ಕೇಳಿಕೊಂಡು ಬರೆದವರಲ್ಲ ನೀವು. ಒಬ್ಬರ ಊರು ಮಡಿಕೇರಿ, ಇನ್ನೊಬ್ಬರದು ರಾಯಚೂರು. ಚಿತ್ರ ಮಾತ್ರ ಒಂದೇ.

ನನ್ನ ನೌಕರಿ ಶುರುವಾದದ್ದು ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಒಂದು ಊರಿನಲ್ಲಿ. ಡ್ರಾಯಿಂಗ್ ಮೇಷ್ಟ್ರು ನಾನು. ಹೈಸ್ಕೂಲಿನ ಹುದ್ದೆಯಾದರೂ ಪಕ್ಕದ ಪ್ರಾಥಮಿಕ ಶಾಲೆಯ ಮಕ್ಕಳು ಕಿಟಕಿಗೆ ಜೋತುಬಿದ್ದಿರುತ್ತಿದ್ದರು, ಅವರನ್ನೂ ಒಳಗೆ ಕರೆದು ಕೂರಿಸುತ್ತಿದ್ದೆ. ಆ ಸೀಮೆ ಕಂಡವರಿಗೆ ಗೊತ್ತು: ಬಯಲು ಅಂದರೆ ಬಯಲು. ಜೋಳದ ಹೊಲ, ಲಿಂಬೆ ತೋಟ, ಅದರಾಚೆ ಮತ್ತೆ ಹೊಲ. ನಿಂತ ಜಾಗದಿಂದ ಕಣ್ಣು ಎಷ್ಟು ದೂರ ಹೋಗುತ್ತದೋ ಅಷ್ಟೂ ಸಪಾಟು. ಅಲ್ಲಿ ಒಂದನೇ ಕ್ಲಾಸಿನ ಹುಡುಗನೊಬ್ಬ ಪಾಟಿಯ ಮೇಲೆ ಎರಡು ಗುಡ್ಡ ಬರೆದು ತಂದು ತೋರಿಸಿದ.

‘ಎಲ್ಲಿ ನೋಡಿದ್ಯೋ ಈ ಗುಡ್ಡ?’ ಎಂದೆ.

ಅವನಿಗೆ ನನ್ನ ದಡ್ಡತನ ಕಂಡು ಕನಿಕರವಾಯಿತು. ‘ಚಿತ್ರದಾಗ ಗುಡ್ಡ ಇರತೈತ್ರೀ ಸರ’ ಎಂದ.

ಅಷ್ಟೇ. ಚಿತ್ರವೆಂದರೆ ಅದರಲ್ಲಿ ಗುಡ್ಡ ಇರಬೇಕು, ಊರಲ್ಲಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಆರು ವರ್ಷಕ್ಕೇ ಅವನು ಆ ಪಾಠ ಕಲಿತುಬಿಟ್ಟಿದ್ದ. ಮರುವಾರ ಎಲ್ಲರನ್ನೂ ಲಿಂಬೆ ತೋಟದ ಬದುವಿನ ಮೇಲೆ ಕೂರಿಸಿ, ‘ಕಣ್ಣಿಗೆ ಕಂಡದ್ದನ್ನ ತಗೀರಿ’ ಎಂದೆ. ಈ ಹುಡುಗ ಬಹಳ ಹೊತ್ತು ಎದುರಿಗೆ ನೋಡಿ, ಹಾಳೆಯ ಈ ತುದಿಯಿಂದ ಆ ತುದಿಗೆ ಅಡ್ಡಡ್ಡ ಒಂದು ಗೆರೆ ಎಳೆದ. ಗೆರೆಯ ಮೇಲೆ ಒಂದು ಮೂಲೆಯಲ್ಲಿ ಸಾಸಿವೆಯಷ್ಟು ಗಾತ್ರದ ಒಂದು ಗಿಡ. ‘ಇಷ್ಟ ಐತ್ರೀ ಸರ’ ಎಂದು ಹಾಳೆ ಕೊಟ್ಟ. ನಾನು ಹತ್ತಕ್ಕೆ ಮೂರು ಕೊಟ್ಟೆ. ಗುಡ್ಡ ಬರೆದವರಿಗೆ ಏಳು, ಎಂಟು.

ಆ ಮೂರು ಮಾರ್ಕು ನನಗೆ ಈಗಲೂ ಕಚ್ಚುತ್ತದೆ. ಆ ಬಯಲನ್ನು ಅಷ್ಟು ಸರಿಯಾಗಿ ಯಾರೂ ಬರೆದಿರಲಿಲ್ಲ. ನಾನು ಬರೆದಿದ್ದರೂ ನಾಲ್ಕು ಮೋಡ ಸೇರಿಸಿ ಕೆಡಿಸುತ್ತಿದ್ದೆ. ಇವತ್ತು ನಿಮ್ಮ ಮುಂದೆ ನಿಂತು ಮಾತಾಡುವುದಕ್ಕೆ ನನಗಿರುವ ಅರ್ಹತೆ ಆ ತಪ್ಪು.

ಕಾರ್ಯಕ್ರಮದ ಕಾಗದದಲ್ಲಿ ‘ಮಕ್ಕಳಿಗೆ ಕಲೆಯನ್ನು ಕಲಿಸುವುದು ಹೇಗೆ’ ಎಂದು ಹಾಕಿದ್ದಾರೆ. ನಾನು ಹೇಳಬೇಕೆಂದಿರುವುದು ಅದಕ್ಕೂ ಹಿಂದಿನ ಮಾತು. ಆರೇಳು ವರ್ಷದೊಳಗಿನ ಮಕ್ಕಳಿಗೆ ಕಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ಅವರ ಪಕ್ಕದಲ್ಲಿ ಕೂತು ಅವರಷ್ಟೇ ನಿಧಾನವಾಗಿ ನೋಡುವವರೊಬ್ಬರು ಬೇಕು. ಕೇಳುವುದಕ್ಕೆ ಸಸಾರ, ಮಾಡುವುದಕ್ಕೆ ಕಷ್ಟ, ಏಕೆಂದರೆ ನಮಗೆ ಪುರುಸೊತ್ತಿಲ್ಲ.

ಗೀಚುವುದರಿಂದ ಶುರು ಮಾಡೋಣ. ಒಂದೂವರೆ, ಎರಡು ವರ್ಷದ ಕೂಸಿಗೆ ಸೀಮೆಸುಣ್ಣ ಕೊಟ್ಟರೆ ಗೋಡೆ ನೋಡಬೇಡಿ. ಕೈ ಬೀಸಿದಷ್ಟೂ ಗೆರೆ. ಅಲ್ಲಿ ಏನನ್ನೋ ‘ಬರೆಯುವ’ ಉದ್ದೇಶವೇ ಇಲ್ಲ. ಕೈ ಆಡಿಸಿದರೆ ಗುರುತು ಉಳಿಯುತ್ತದೆಂಬ ಬೆರಗು, ಅಷ್ಟೆ. ಅಮೆರಿಕದ ರೋಡಾ ಕೆಲಾಗ್ ಎಂಬಾಕೆ ಮಕ್ಕಳ ಚಿತ್ರಗಳನ್ನು ಲಕ್ಷಗಟ್ಟಲೆ ಒಟ್ಟುಮಾಡಿ, ಬರಿಯ ಗೀಚುಗಳಲ್ಲೇ 20 ಬಗೆ ಗುರುತಿಸಿದರು. ನಾವು ಅದನ್ನೆಲ್ಲ ಸೇರಿಸಿ ‘ಗೋಡೆ ಹಾಳು ಮಾಡ್ತಾನೆ’ ಎಂಬ ಒಂದೇ ಬಗೆಗೆ ಇಳಿಸಿದ್ದೇವೆ.

ಮೂರರ ಸುಮಾರಿಗೆ ಗೆರೆ ಸುತ್ತಿ ಬಂದು ಶುರುವಾದ ಕಡೆಯೇ ಸೇರಿಕೊಳ್ಳುತ್ತದೆ. ವೃತ್ತ. ಮಗು ಬರೆಯುವುದರಲ್ಲಿ ಇದಕ್ಕಿಂತ ದೊಡ್ಡ ಘಟನೆ ಇನ್ನೊಂದಿಲ್ಲ ಅಂತ ನನ್ನ ಎಣಿಕೆ, ನಾವು ಗಮನಿಸುವುದೇ ಇಲ್ಲ. ಆಮೇಲೆ ಆ ವೃತ್ತಕ್ಕೆ ಎರಡು ಚುಕ್ಕಿ ಕಣ್ಣು, ಕೆಳಗೆ ಎರಡು ಉದ್ದನೆ ಗೆರೆ ಬರುತ್ತವೆ. ಮನುಷ್ಯ ಸಿದ್ಧ. ತಲೆಯಿಂದ ನೇರ ಕಾಲು, ಗೊದಮೊಟ್ಟೆಯ ಹಾಗೆ. ಯಾವ ದೇಶದ ಮಗುವಾದರೂ ಮೊದಲ ಮನುಷ್ಯನನ್ನು ಹೆಚ್ಚುಕಡಿಮೆ ಹೀಗೇ ಬರೆಯುತ್ತದೆ. ಆಗ ನಾವು ಬಾಯಿ ಹಾಕುತ್ತೇವೆ: ‘ಹೊಟ್ಟೆ ಎಲ್ಲೋ ಪುಟ್ಟ? ಊಟ ಮಾಡಿದ್ದು ಎಲ್ಲಿಗೆ ಹೋಗತ್ತೆ?’ ಮಗು ಪೆಚ್ಚಾಗುತ್ತದೆ, ನಾವು ಕೈ ಹಿಡಿದು ಹೊಟ್ಟೆ ಬರೆಸುತ್ತೇವೆ. ಸುಮ್ಮನಿದ್ದಿದ್ದರೆ ಹೊಟ್ಟೆ ತಾನಾಗಿಯೇ ಬರುತ್ತಿತ್ತು. ಮೀಸೆ ಬರುವುದಿಲ್ಲವೇ, ಹಾಗೆ.

ಇನ್ನೂ ಸ್ವಲ್ಪ ದೊಡ್ಡವರಾದ ಮೇಲೆ ಬಸ್ಸು ಬರೆಯುತ್ತಾರೆ. ಬಸ್ಸಿನ ಹೊರಮೈಯೂ ಕಾಣುತ್ತದೆ, ಒಳಗೆ ಕೂತ ಅಜ್ಜಿಯ ಪೂರ್ತಿ ಮೈ, ಸೀಟಿನ ಕೆಳಗಿನ ಬುಟ್ಟಿ, ಬುಟ್ಟಿಯೊಳಗಿನ ಕೋಳಿಯೂ ಕಾಣುತ್ತದೆ. ಅಜ್ಜಿ ಡ್ರೈವರಿಗಿಂತ ಮೂರು ಪಟ್ಟು ದೊಡ್ಡವಳು. ಇದನ್ನು ತಪ್ಪು ಎನ್ನುವವರು ಒಂದು ಸಲ ನಮ್ಮ ತೊಗಲುಗೊಂಬೆಗಳನ್ನು ನೋಡಬೇಕು. ಅಲ್ಲಿ ದೇವರು, ರಾಜರು ದೊಡ್ಡ ಗೊಂಬೆ, ಸೇವಕರು ಚಿಕ್ಕವು. ಯಾರು ಮುಖ್ಯವೋ ಅವರು ದೊಡ್ಡವರು. ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಗೆ ಬರೆಯುವ ಚಿತ್ತಾರದಲ್ಲಿ ಮನುಷ್ಯರು ತ್ರಿಕೋನ, ಗೆರೆಗಳಲ್ಲಿ ನಿಂತಿರುತ್ತಾರೆ. ಅದನ್ನು ನೋಡಿ ಯಾರೂ ‘ಕೈ ಸರಿಯಿಲ್ಲ’ ಎನ್ನುವುದಿಲ್ಲ. ಫೋಟೋದ ಹಾಗೆ ಇದ್ದರೆ ಚಿತ್ರ ಎಂಬ ಅಳತೆಗೋಲು ನಮಗೆ ಬಂದದ್ದೇ ಇತ್ತೀಚೆಗೆ. ಅದನ್ನು ತಂದು ನಾಲ್ಕು ವರ್ಷದ ಮಗುವಿನ ಮೇಲಿಡುವುದು ಯಾವ ನ್ಯಾಯ?

‘ಇದೇನು?’ ಎಂದು ಕೇಳುವ ಚಟವೊಂದಿದೆ ನಮಗೆ. ನನಗೂ ಇತ್ತು. ಬಿಟ್ಟದ್ದು ಮೊಮ್ಮಗಳಿಂದ. ಅವಳಿಗೆ ಆಗ ಮೂರು ತುಂಬಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಕ್ರೇಯಾನಿನಲ್ಲಿ ಒಂದೇ ಸಮ ಸುತ್ತುತ್ತಿದ್ದಳು, ಹಾಳೆ ಹರಿಯುವಷ್ಟು. ‘ಇದೇನು ಪುಟ್ಟಿ, ಚೆಂಡಾ?’ ಎಂದೆ. ತಲೆಯಾಡಿಸಿದಳು. ‘ಚಕ್ರನಾ? ದೋಸೆನಾ?’ ಅದೂ ಅಲ್ಲ. ಆಮೇಲೆ ನಾನು ಬಾಯಿ ಮುಚ್ಚಿದಾಗ ಕೇಳಿಸಿತು: ಅವಳು ಆಗಿನಿಂದಲೂ ‘ಗುರ್ರ್ರ್’ ಅನ್ನುತ್ತಿದ್ದಳು. ಅವಳಮ್ಮ ಆ ಕಡೆ ಚಟ್ನಿಗೆ ಮಿಕ್ಸಿ ಹಾಕಿದ್ದಳು. ಮಿಕ್ಸಿ ನಿಂತಿತು, ಇವಳ ಕೈಯೂ ನಿಂತಿತು. ಮತ್ತೆ ಶುರುವಾಯಿತು, ಕೈಯೂ ಹೊರಟಿತು. ಅವಳು ಬರೆಯುತ್ತಿದ್ದದ್ದು ಆ ಸದ್ದನ್ನು! ನಾನು ಹೆಸರಿಗಾಗಿ ಹುಡುಕುತ್ತಿದ್ದೆ.

ಅಂದಿನಿಂದ ನಾನು ಕೇಳುವುದೆಂದರೆ, ಕೇಳಲೇಬೇಕು ಎನಿಸಿದರೆ, ‘ಇದರ ಬಗ್ಗೆ ಹೇಳ್ತೀಯಾ?’ ಹೇಳಿದರೆ ಹೇಳಿತು. ಕೆಲವು ಮಕ್ಕಳು ಅರ್ಧ ಗಂಟೆ ಹೇಳುತ್ತವೆ, ಕೆಲವು ಎದ್ದು ಆಡಲು ಹೋಗುತ್ತವೆ. ಎರಡೂ ಸರಿಯೇ. ‘ಸೂಪರ್, ಸೂಪರ್’ ಎಂದು ನೋಡದೆಯೇ ಹೊಗಳುವುದೂ ಒಂದು ಚಟ. ಮಕ್ಕಳಿಗೆ ಗೊತ್ತಾಗುತ್ತದೆ. ಅದರ ಬದಲು ಕಣ್ಣಿಗೆ ಬಿದ್ದ ಒಂದು ಸಂಗತಿ ಹೇಳಿ: ‘ಇಲ್ಲಿ ಗೆರೆ ತುಂಬ ಗಟ್ಟಿಯಾಗಿ ಒತ್ತಿದೀಯ, ಇಲ್ಲಿ ಮೆತ್ತಗೆ.’ ತನ್ನ ಚಿತ್ರವನ್ನು ಯಾರೋ ನಿಜವಾಗಿ ನೋಡಿದರಲ್ಲ ಎಂದು ಮಗುವಿನ ಮುಖ ಹೇಗಾಗುತ್ತದೆಂದು ಗಮನಿಸಿ.

ಈಗ ದೊಡ್ಡವರ ಚಿತ್ರಗಳನ್ನು ಮಕ್ಕಳಿಗೆ ತೋರಿಸುವ ವಿಚಾರ. ಮೈಸೂರಿನಲ್ಲಿದ್ದೀರಿ, ನಿಮ್ಮ ಪುಣ್ಯ. ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಭಾನುವಾರ ಬರುವ ಸಂಸಾರಗಳನ್ನು ಒಂದು ದಿನ ಮೂಲೆಯಲ್ಲಿ ನಿಂತು ನೋಡಿದ್ದೇನೆ. ಅಪ್ಪ ಮುಂದೆ, ಅಮ್ಮ ಹಿಂದೆ, ನಡುವೆ ಮಗುವಿನ ಕೈ ಜಗ್ಗಾಟ. ‘ಬಾ ಬಾ, ಇನ್ನೂ ಮೇಲೆ ಇದೆ.’ ದುಡ್ಡು ಕೊಟ್ಟಿದ್ದೇವೆ, ಎಲ್ಲ ನೋಡಿಬಿಡಬೇಕು. ಹೊರಗೆ ಬಂದಾಗ ಮಗುವಿಗೆ ನೆನಪಿರುವುದು ಗೇಟಿನ ಹತ್ತಿರದ ಐಸ್‌ಕ್ರೀಮು.

ನಾನು ಮಕ್ಕಳನ್ನು ಕರೆದುಕೊಂಡು ಹೋದಾಗ ತೋರಿಸುವುದು ಎರಡು, ಹೆಚ್ಚೆಂದರೆ ಮೂರು ಚಿತ್ರ. ಅದರಲ್ಲೊಂದು ದೀಪ ಹಿಡಿದ ಹೆಂಗಸಿನದು. ನಿಮ್ಮಲ್ಲಿ ಬಹಳ ಜನ ಅದನ್ನು ರವಿವರ್ಮನದೆಂದು ತಿಳಿದಿರಬಹುದು; ಅಲ್ಲ, ಅದು ಎಸ್. ಎಲ್. ಹಲ್ದಂಕರ್ ಅವರದು, 1940ರ ದಶಕದ್ದು. ದೀಪ ಹಿಡಿದು ನಿಂತದ್ದು ಅವರ ಮಗಳೇ. ಅದು ಜಲವರ್ಣ, ಎಣ್ಣೆಬಣ್ಣವಲ್ಲ. ಈ ವಿವರ ಯಾವುದನ್ನೂ ನಾನು ಮಕ್ಕಳಿಗೆ ಮೊದಲು ಹೇಳುವುದಿಲ್ಲ. ಚಿತ್ರದ ಮುಂದೆ ನೆಲದ ಮೇಲೆ ಕೂರಿಸಿ ಸುಮ್ಮನಿರುತ್ತೇನೆ. ಒಂದು ನಿಮಿಷ ಕಳೆಯುವುದರೊಳಗೆ ಶುರುವಾಗುತ್ತದೆ.

‘ಕರೆಂಟ್ ಹೋಗಿದೆ.’

‘ಅವಳ ಕೈ ಸುಡಲ್ವಾ?’

‘ಗಾಳಿ ಬರ್ತಿದೆ, ಅದಕ್ಕೆ ಕೈ ಅಡ್ಡ ಇಟ್ಟಿದಾಳೆ.’

‘ಎಲ್ಲಿದೆ ಗಾಳಿ? ನಂಗೆ ಕಾಣಲ್ಲ.’

‘ಗಾಳಿ ಎಲ್ಲಾದ್ರೂ ಕಾಣತ್ತಾ, ಪೆದ್ದ!’

ಹೀಗೆ ಮಾತಾಡುತ್ತಾ ಒಂದು ಹುಡುಗಿ ಎದ್ದುಹೋಗಿ ಹತ್ತಿರದಿಂದ ನೋಡಿ ಬಂದು, ‘ಬೆರಳೊಳಗಿಂದ ಬೆಳಕು ಬರ್ತಿದೆ’ ಎಂದಳು. ಅದೇ ಆ ಚಿತ್ರದ ಜೀವಾಳ. ಜ್ವಾಲೆಗೆ ಅಡ್ಡ ಹಿಡಿದ ಅಂಗೈಯ ಬೆರಳ ಸಂದಿಗಳು ಕೆಂಪಗೆ ಹೊಳೆಯುತ್ತವೆ. ನಾನೇ ವಿವರಿಸಿದ್ದರೆ ಮೂರು ವಾಕ್ಯ ಖರ್ಚಾಗುತ್ತಿತ್ತು, ಒಂದೂ ಉಳಿಯುತ್ತಿರಲಿಲ್ಲ. ಆ ರಾತ್ರಿ ಮನೆಯಲ್ಲಿ ದೀಪ ಆರಿಸಿ, ಮೊಬೈಲ್ ಟಾರ್ಚಿನ ಮೇಲೆ ಅಂಗೈ ಇಟ್ಟು ನೋಡಿ ಎಂದು ಕಳಿಸಿದೆ. ಮಾರನೆಯ ದಿನ ಒಬ್ಬ ತಾಯಿ ಫೋನ್ ಮಾಡಿ, ‘ಸರ್, ಇವನು ಮನೆಯವರೆಲ್ಲರ ಕೈಯಲ್ಲೂ ಬೆಳಕು ಹಾಯಿಸಿ ನೋಡಿದ, ನಾಯಿ ಕಿವಿ ಕೂಡ ಬಿಡಲಿಲ್ಲ’ ಎಂದರು. ನಾಯಿ ಕಿವಿಯೂ ಕೆಂಪಗೆ ಕಂಡಿತಂತೆ.

ಸೋಮನಾಥಪುರಕ್ಕೆ ಹೋಗುತ್ತೀರಲ್ಲ, ಅಲ್ಲಿಯೂ ಒಂದು ಮಾತು. ಗೈಡು ಗೋಪುರ ತೋರಿಸುತ್ತಾ ಇಸವಿ ಹೇಳುವಾಗ ಚಿಕ್ಕ ಮಕ್ಕಳು ಕೆಳಗೆ ನೋಡುತ್ತಿರುತ್ತಾರೆ. ಬೈಯಬೇಡಿ, ಅವರು ನೋಡುತ್ತಿರುವುದು ಸರಿಯಾದ ಜಾಗವನ್ನೇ. ಗೋಡೆಯ ತಳದ ಪಟ್ಟಿಕೆಯಲ್ಲಿ ಆನೆಗಳ ಸಾಲಿದೆ, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆಗಳು, ಇನ್ನೂ ಮೇಲೆ ಮಕರ, ಹಂಸ. ದೊಡ್ಡವರ ಕಣ್ಣಿಗೆ ದೇವರ ವಿಗ್ರಹ ಸಿಕ್ಕರೆ, ಮೂರು ಅಡಿಯ ಮಗುವಿನ ಹತ್ತಿರಕ್ಕೆ ಬರುವುದು ಆನೆ. ಜಗಲಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ಒಂದೇ ಒಂದು ಗೋಡೆಯ ಆನೆಗಳನ್ನು ಮಗುವಿನ ಜೊತೆ ನೋಡಿ. ದೂರಕ್ಕೆ ಎಲ್ಲ ಒಂದೇ ಥರ. ಹತ್ತಿರದಿಂದ ಒಂದರ ಸೊಂಡಿಲು ಹೀಗೆ, ಇನ್ನೊಂದರದು ಹಾಗೆ. ‘ಬೇರೆ ಥರ ಇರೋ ಆನೆ ಹುಡುಕು’ ಎಂದರೆ ಸಾಕು, ಅರ್ಧ ಗಂಟೆ ನಿಮ್ಮ ಬೆನ್ನು ನೋಯುತ್ತದೆಯೇ ಹೊರತು ಮಗು ಬೇಸರಪಡುವುದಿಲ್ಲ.

ಆ ಕಲ್ಲಿನ ಹೆಸರು ಗೊತ್ತಲ್ಲ? ಬಳಪದ ಕಲ್ಲು. ನಾವು ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿದ್ದೆವಲ್ಲ, ಅದೇ ಬಳಪ. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಕಲ್ಲು. ಅದರಿಂದಲೇ ಅಷ್ಟು ನಾಜೂಕು ಕೆತ್ತನೆ ಸಾಧ್ಯವಾದದ್ದು. ಒಂದು ತುಂಡು ಬಳಪ ಜೇಬಿನಲ್ಲಿಟ್ಟುಕೊಂಡು ಹೋಗಿ ಮಗುವಿನ ಕೈಗೆ ಕೊಡಿ, ಉಗುರಿನಿಂದ ಗೀರಿ ನೋಡಲಿ. (ಗುಡಿಯ ಗೋಡೆಯ ಮೇಲೆ ಗೀರದಂತೆ ನೋಡಿಕೊಳ್ಳಿ, ಅಲ್ಲಿ ಈಗಾಗಲೇ ಪ್ರೇಮಿಗಳ ಹೆಸರು ಸಾಕಷ್ಟಿವೆ.) ಹೆಸರೆಂದಾಗ ನೆನಪಾಯಿತು. ಸೋಮನಾಥಪುರದ ಎಷ್ಟೋ ವಿಗ್ರಹಗಳ ಕೆಳಗೆ ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರು ಕನ್ನಡದಲ್ಲೇ ಕೊರೆದಿದೆ. ತನ್ನ ಹೆಸರನ್ನು ಚಿತ್ರಕ್ಕಿಂತ ದೊಡ್ಡದಾಗಿ ಬರೆಯುವ ಐದು ವರ್ಷದ ಮಗುವಿಗೆ ಆ ಅಕ್ಷರ ತೋರಿಸಿ. 13ನೇ ಶತಮಾನ ಎಂದರೇನೆಂದು ಅದಕ್ಕೆ ತಿಳಿಯದು. ಇದನ್ನು ಮಾಡಿದವನೂ ಹೆಸರು ಬರೆದಿದ್ದಾನೆ ಎಂಬುದು ಚೆನ್ನಾಗಿ ತಿಳಿಯುತ್ತದೆ.

ಬಾದಾಮಿಗೆ ಹೋದರೆ ಮೊದಲನೆಯ ಗುಹೆಯ ನಟರಾಜನ ಮುಂದೆ ಕೈ ಎಣಿಸಲು ಬಿಡಿ. 18 ಕೈ. ಎಣಿಸಿ ಮುಗಿದ ಮೇಲೆ ಒಂಬತ್ತು ಮಕ್ಕಳನ್ನು ಒಬ್ಬರ ಹಿಂದೊಬ್ಬರು ನಿಲ್ಲಿಸಿ ಕೈ ಚಾಚಿಸಿದರೆ ನಟರಾಜ ತಯಾರು. ಚಿತ್ರವನ್ನೋ ಶಿಲ್ಪವನ್ನೋ ಮಕ್ಕಳು ಅರ್ಥ ಮಾಡಿಕೊಳ್ಳುವುದು ಮೈಯಿಂದ. ನಿಂತು ನೋಡು, ಮುಟ್ಟಬೇಡ, ಮಾತಾಡಬೇಡ ಎನ್ನುವುದು ನಮ್ಮ ಮ್ಯೂಸಿಯಮ್ಮುಗಳ ಮಂತ್ರ. ಮುಟ್ಟಬೇಡ ಎಂಬುದೊಂದು ಸರಿ. ಉಳಿದೆರಡನ್ನು ನಾನು ಒಪ್ಪುವುದಿಲ್ಲ.

ಬಣ್ಣಕ್ಕೆ ಬರೋಣ. ಅಂಗನವಾಡಿಯ ಅಮ್ಮಂದಿರು ಸಾಮಾನ್ಯವಾಗಿ ಹೇಳುವುದು ಒಂದೇ: ‘ಸರ್, ಬಣ್ಣಕ್ಕೆ ದುಡ್ಡೆಲ್ಲಿದೆ?’ ಆ ಕಷ್ಟ ನಿಜ, ಅಲ್ಲಗಳೆಯುವುದಿಲ್ಲ. ಆದರೆ ಚಿತ್ತಾರ ಬರೆಯುವ ಹೆಣ್ಣುಮಕ್ಕಳು ಯಾವ ಅಂಗಡಿಗೂ ಹೋದವರಲ್ಲ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಇವೇ ಬಣ್ಣ ಏರುತ್ತವೆ. ನಿಮ್ಮ ಕೇಂದ್ರದ ಹಿತ್ತಿಲಲ್ಲಿ ಕೆಮ್ಮಣ್ಣಿದೆ, ಒಲೆಯಲ್ಲಿ ಇದ್ದಿಲಿದೆ, ಡಬ್ಬದಲ್ಲಿ ಅರಿಶಿನವಿದೆ. ಮಣ್ಣನ್ನು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗಂಜಿ ಬೆರೆಸಿದರೆ ಹಾಳೆಗೆ ಅಂಟುತ್ತದೆ. ತೆಂಗಿನ ನಾರಿನ ತುದಿ ಜಜ್ಜಿದರೆ ಕುಂಚ.

ಅರಿಶಿನದ ಒಂದು ಚಮತ್ಕಾರ ಹೇಳಿಬಿಡುತ್ತೇನೆ. ಹಾಳೆಗೆ ಅರಿಶಿನದ ನೀರು ಬಳಿದು ಒಣಗಿಸಿ. ಅದರ ಮೇಲೆ ಬಟ್ಟೆ ಸೋಪಿನ ನೀರಿನಲ್ಲಿ ಅದ್ದಿದ ಕಡ್ಡಿಯಿಂದ ಬರೆಯಿರಿ. ಗೆರೆ ಕೆಂಪಾಗಿ ಏಳುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿದರೆ ಕುಂಕುಮ ಆಗುವುದೂ ಇದೇ ಗುಟ್ಟಿನಿಂದ, ಆದರೆ ಮಕ್ಕಳ ಕೈಗೆ ಸುಣ್ಣ ಬೇಡ, ಕಣ್ಣಿಗೆ ಬಿದ್ದರೆ ಅಪಾಯ. ಸೋಪು ಸಾಕು. ಮೊದಲ ಸಲ ಆ ಕೆಂಪು ಗೆರೆ ಕಂಡಾಗ ಮಕ್ಕಳು ಹಾಕುವ ಕೂಗಿಗೆ ಪಕ್ಕದ ಮನೆಯವರು ಓಡಿಬಂದದ್ದುಂಟು.

ನಮ್ಮ ಮನೆಗಳಲ್ಲಿ ಇದಕ್ಕೂ ಹಳೆಯ ಪದ್ಧತಿಯೊಂದಿತ್ತು. ಬೆಳಿಗ್ಗೆ ಅಂಗಳ ಸಾರಿಸಿ ರಂಗೋಲಿ ಇಡುವಾಗ ಅಜ್ಜಿ ಮೂಲೆಯಲ್ಲಿ ಒಂದು ಗೇಣು ಜಾಗ ಬಿಡುತ್ತಿದ್ದಳು, ‘ಇದು ನಿಂದು’ ಎಂದು. ಬೆರಳ ಸಂದಿಯಿಂದ ಪುಡಿ ಉದುರಿಸಿ ನಾವು ಏನು ಬೇಕಾದರೂ ಮಾಡಬಹುದಿತ್ತು. ಚುಕ್ಕಿ ಸೇರಿತೋ ಇಲ್ಲವೋ ಅಜ್ಜಿ ತಿರುಗಿಯೂ ನೋಡುತ್ತಿರಲಿಲ್ಲ. ಹತ್ತು ಗಂಟೆಯೊಳಗೆ ದನ, ಸೈಕಲ್ಲು, ಪೋಸ್ಟ್‌ಮ್ಯಾನು ತುಳಿದು ಅಳಿಸಿಹೋಗುತ್ತಿತ್ತು. ನಾಳೆ ಮತ್ತೆ ಅಂಗಳ ಖಾಲಿ. ಫ್ರೇಮು ಹಾಕಿಸುವವರಿಲ್ಲ, ಸ್ಟೇಟಸ್ಸಿಗೆ ಹಾಕುವವರಿಲ್ಲ. ಅಪಾರ್ಟ್‌ಮೆಂಟಿನ ಬಾಗಿಲಿಗೆ ಈಗ ಸ್ಟಿಕರ್ ರಂಗೋಲಿ ಅಂಟಿಸಿದ್ದೇವೆ. ಸೊಸೆಯಂದಿರನ್ನು ದೂರುತ್ತಿಲ್ಲ, ಅವರಿಗೆ ಎಂಟೂವರೆಗೆ ಬಸ್ಸು. ಭಾನುವಾರವಾದರೂ ಆ ಒಂದು ಗೇಣು ಜಾಗವನ್ನು ಮಗುವಿಗೆ ಕೊಡಬಹುದೇನೋ.

ಸ್ಪರ್ಧೆಗಳ ವಿಷಯಕ್ಕೆ ಬಂದರೆ ನನ್ನ ಧ್ವನಿ ಏರುತ್ತದೆ, ಕ್ಷಮಿಸಿ. ಗಣೇಶನ ಹಬ್ಬ, ರಾಜ್ಯೋತ್ಸವ, ಪರಿಸರ ದಿನ, ಏನಾದರೂ ಒಂದು ಸಿಕ್ಕರೆ ಸಾಕು, ಚಿತ್ರಕಲಾ ಸ್ಪರ್ಧೆ. ಅದರಲ್ಲೂ ‘ಮೂರರಿಂದ ಐದು ವರ್ಷದ ವಿಭಾಗ’. ನಾನೇ ಎಷ್ಟೋ ಕಡೆ ತೀರ್ಪುಗಾರನಾಗಿ ಕೂತಿದ್ದೇನೆ, ಶಾಲು ಹಾರ ಹಾಕಿಸಿಕೊಂಡಿದ್ದೇನೆ. ಒಂದು ಕಡೆ ತಾಯಿಯೊಬ್ಬರು ಮಗುವಿನ ಕೈ ಹಿಡಿದು ಬರೆಸುತ್ತಿದ್ದರು, ಮಗು ಕುತ್ತಿಗೆ ತಿರುಗಿಸಿ ಬಲೂನಿನವನನ್ನು ನೋಡುತ್ತಿತ್ತು. ಆ ಚಿತ್ರ ಬಹಳ ಅಚ್ಚುಕಟ್ಟಾಗಿತ್ತು. ಗುಡ್ಡವೂ ಇತ್ತು ಅನ್ನಿ. ಸಂಘಟಕರ ಮುಖ ನೋಡಿ ನಾನೂ ಎರಡನೇ ಬಹುಮಾನಕ್ಕೆ ಸಹಿ ಹಾಕಿದೆ.

1973ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾಡಿದ್ದು. ಸ್ಕೆಚ್ ಪೆನ್ನಿನಲ್ಲಿ ಬರೆಯುವುದೆಂದರೆ ಪ್ರಾಣ ಬಿಡುವಂಥ ಮಕ್ಕಳನ್ನೇ ಆರಿಸಿಕೊಂಡರು, ಮೂರರಿಂದ ಐದು ವರ್ಷದವರು. ಒಂದು ಗುಂಪಿಗೆ, ‘ಬರೆದರೆ ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಹೇಳದೆ, ಬರೆದ ಮೇಲೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಕಳೆದು ತರಗತಿಯಲ್ಲಿ ಅವೇ ಪೆನ್ನುಗಳನ್ನು ಸುಮ್ಮನೆ ಇಟ್ಟು, ಯಾರು ಎಷ್ಟು ಹೊತ್ತು ಬರೆಯುತ್ತಾರೆಂದು ಮರೆಯಿಂದ ನೋಡಿದರು. ಪ್ರಶಸ್ತಿಯ ಆಸೆ ಹಚ್ಚಿಸಿಕೊಂಡಿದ್ದ ಮಕ್ಕಳು ಉಳಿದವರು ಬರೆದದ್ದರ ಅರ್ಧದಷ್ಟು ಹೊತ್ತು ಮಾತ್ರ ಬರೆದರು. ಪ್ರಶಸ್ತಿಗಾಗಿ ಬರೆದಾಗಲೂ ಅವರ ಚಿತ್ರಗಳು ಉಳಿದವರದಕ್ಕಿಂತ ಸಪ್ಪೆಯಾಗಿದ್ದವು. ಆಟವಾಗಿದ್ದದ್ದು ಕೂಲಿಯಾಯಿತು, ಕೂಲಿ ನಿಂತಾಗ ಕೆಲಸವೂ ನಿಂತಿತು.

ಬೇಸಿಗೆ ಶಿಬಿರದವರು ಬೇಸರಿಸಿಕೊಳ್ಳಬೇಡಿ. ಹೈಸ್ಕೂಲಿನ ಮಕ್ಕಳು ಲೋವರ್ ಗ್ರೇಡು, ಹೈಯರ್ ಗ್ರೇಡು ಪರೀಕ್ಷೆ ಕಟ್ಟುತ್ತಾರಲ್ಲ, ಕಟ್ಟಲಿ, ಆ ವಯಸ್ಸಿಗೆ ಅಭ್ಯಾಸ ಬೇಕು, ತಿದ್ದುವವರೂ ಬೇಕು. ಕಲರಿಂಗ್ ಪುಸ್ತಕದ ಮೇಲೂ ನನಗೆ ಹಗೆಯಿಲ್ಲ. ರೈಲಿನಲ್ಲಿ ಐದು ಗಂಟೆ ಕೂರಿಸಬೇಕಾದರೆ ನಾನೂ ಕೊಡಿಸುತ್ತೇನೆ. ಗೆರೆ ದಾಟಬಾರದು ಎನ್ನುವುದು ಬೆರಳಿಗೆ ಒಳ್ಳೆಯ ಕಸರತ್ತು. ಅದನ್ನು ಚಿತ್ರ ಬರೆಯುವುದೆಂದು ಕರೆಯಬೇಡಿ, ಅಷ್ಟೆ.

ಶಿಕ್ಷಕರಿಗೆ ಒಂದು ಮಾತು. 1995ರಲ್ಲಿ ಇದೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಎಂಬ, ನಲಿಯುತ್ತಾ ಕಲಿಯುವ ಪದ್ಧತಿ ಶುರುವಾದಾಗ ಎರಡು ಒಳ್ಳೆಯ ವಸ್ತುಗಳು ತರಗತಿಗೆ ಬಂದವು. ಒಂದು, ಮಕ್ಕಳ ಕೈಗೆಟುಕುವಂತೆ ಗೋಡೆಯ ಬುಡದಲ್ಲಿ ಬಳಿದ ಕಪ್ಪು ಹಲಗೆ. ಇನ್ನೊಂದು ಚಪ್ಪರ, ತಲೆಯ ಮೇಲೆ ದಾರ ಕಟ್ಟಿ ಮಕ್ಕಳು ಮಾಡಿದ್ದನ್ನೆಲ್ಲ ತೂಗುಹಾಕುವುದು. ಇದನ್ನು ಯೋಚಿಸಿದವರಿಗೆ ಕೈ ಮುಗಿಯಬೇಕು. ಆದರೆ ನಾನು ನೋಡಿದ ಕೆಲವು ಕೊಠಡಿಗಳಲ್ಲಿ ಕೆಳಗಿನ ಹಲಗೆಯ ಮೇಲೆ ಮೇಡಂ ಬರೆದ ಚೆಂದದ ಹೂವು ವರ್ಷವಿಡೀ ಅಳಿಯದೆ ಇರುತ್ತದೆ, ಇನ್‌ಸ್ಪೆಕ್ಷನ್ನಿಗೆ ಬೇಕಾಗುತ್ತದೆಂದು. ಚಪ್ಪರದಲ್ಲಿ ಕ್ಲಾಸಿನ ‘ಚೆನ್ನಾಗಿ ಬರೆಯುವ’ ಇಬ್ಬರ ಚಿತ್ರಗಳಷ್ಟೇ. ಆ ಹೂವನ್ನು ಇವತ್ತು ಅಳಿಸಿಬಿಡಿ ತಾಯಿ. ದಾರಕ್ಕೆ ಎಲ್ಲರದೂ ಹೋಗಲಿ, ಒಂದೇ ಗೆರೆಯದ್ದೂ.

ಪ್ರಶ್ನೆಗೆ ಹೊತ್ತು ಬಿಡಬೇಕು. ಹಿಂದಿನ ಸಾಲಿನಲ್ಲಿ ಒಬ್ಬರು ಕೈ ಎತ್ತಿದ್ದೀರಿ. ‘ನನಗೇ ಚಿತ್ರ ಬರಲ್ಲ, ಮಗು ಹಸು ಬರೆದುಕೊಡು ಅಂತ ಹಟ ಮಾಡ್ತಾನೆ, ಏನ್ ಮಾಡ್ಲಿ?’

ಒಳ್ಳೆಯ ಪ್ರಶ್ನೆ. ನಾನೊಂದು ಕೇಳುತ್ತೇನೆ, ಎಲ್ಲರೂ ಹೇಳಿ. ಹಸುವಿನ ಕಿವಿ ಕೊಂಬಿಗಿಂತ ಮೇಲಿರುತ್ತದೋ, ಕೆಳಗೋ? ಮೇಲೆ ಎನ್ನುವವರು ಕೈ ಎತ್ತಿ. ಕೆಳಗೆ? ನೋಡಿ, ಹೆಚ್ಚುಕಡಿಮೆ ಅರ್ಧಕ್ಕರ್ಧ. ಹುಟ್ಟಿದಾಗಿನಿಂದ ಹಸು ನೋಡಿದ್ದೇವೆ, ಹಾಲು ಕುಡಿದಿದ್ದೇವೆ, ಸಂಕ್ರಾಂತಿಗೆ ಕೊಂಬಿಗೆ ಬಣ್ಣ ಹಚ್ಚಿದ್ದೇವೆ. ಚಿತ್ರ ಬರುವ ನಾನು ಒಂದು ಅಂದವಾದ ಹಸು ಬರೆದುಕೊಟ್ಟರೆ ನಿಮ್ಮ ಮಗ ಅದನ್ನೇ ನಕಲು ಮಾಡುತ್ತಾನೆ, ಇಲ್ಲವೇ ‘ನಂಗೆ ಇಷ್ಟು ಚೆನ್ನಾಗಿ ಬರಲ್ಲ’ ಎಂದು ಪೆನ್ಸಿಲ್ ಕೆಳಗಿಡುತ್ತಾನೆ. ನಿಮಗೆ ಚಿತ್ರ ಬರುವುದಿಲ್ಲ, ಅದು ನಿಮ್ಮ ಅನುಕೂಲ. ‘ನಂಗೂ ಸರಿಯಾಗಿ ಗೊತ್ತಿಲ್ಲ ಕಣೋ, ಬಾ ನೋಡ್ಕೊಂಡು ಬರೋಣ’ ಎಂದು ಚಪ್ಪಲಿ ಮೆಟ್ಟಿ ಬೀದಿಗೆ ಇಳಿಯಿರಿ. ಮೈಸೂರಿನಲ್ಲಿ ಹಸುವಿಗೇನೂ ಬರವಿಲ್ಲ, ನಡುರಸ್ತೆಯಲ್ಲೇ ಮಲಗಿರುತ್ತವೆ. ಕಿವಿ ಎಲ್ಲಿದೆ ಎಂದು ನಾನು ಈಗ ಹೇಳುವುದಿಲ್ಲ.

ಇನ್ನೊಂದು ಪ್ರಶ್ನೆ ಚೀಟಿಯಲ್ಲಿ ಬಂದಿದೆ: ‘ನನ್ನ ಮಗಳಿಗೆ ಚಿತ್ರದಲ್ಲಿ ಆಸಕ್ತಿಯೇ ಇಲ್ಲ.’ ಇರಲಿ ಬಿಡಿ. ಮಣ್ಣಿನಲ್ಲಿ ಇರಬಹುದು, ಕುಣಿಯುವುದರಲ್ಲಿ ಇರಬಹುದು, ಪಾತ್ರೆ ಬಡಿದು ತಾಳ ಹಾಕುವುದರಲ್ಲಿ ಇರಬಹುದು. ಚನ್ನಪಟ್ಟಣದ ಒಂದು ಬುಗುರಿಯನ್ನು ತಿರುಗಿಸಿ, ಅದರ ಅರಗಿನ ಬಣ್ಣದ ಪಟ್ಟೆಗಳು ಒಂದಾಗುವುದನ್ನು ಹತ್ತು ನಿಮಿಷ ನೋಡುತ್ತಾ ಕೂತರೆ ಅದೂ ಚಿತ್ರ ನೋಡಿದ ಹಾಗೆಯೇ. ನೀವೂ ಜೊತೆಗೆ ಕೂತಿದ್ದೀರಾ, ಫೋನ್ ಎಲ್ಲಿತ್ತು, ಅಷ್ಟು ನೋಡಿಕೊಳ್ಳಿ.

ಹೊರಗೆ ಜಗಲಿಯ ಮೇಲೆ ಮೂರು ಬಕೆಟ್ಟಿನಲ್ಲಿ ಕೆಮ್ಮಣ್ಣು, ಅರಿಶಿನ, ಇದ್ದಿಲ ಪುಡಿ ಕಲಸಿಟ್ಟಿದ್ದೇವೆ. ಗೋಡೆಗೆ ಉದ್ದಕ್ಕೆ ಹಾಳೆ ಅಂಟಿಸಿದೆ, ಕೆಳಗಿನಿಂದ ಮೂರು ಅಡಿ ಎತ್ತರಕ್ಕೆ. ದೊಡ್ಡವರು ಬರೆಯಬೇಕಾದರೆ ನೆಲದ ಮೇಲೆ ಕೂರಬೇಕು, ಸೀರೆ ಪಂಚೆ ಹಾಳಾದರೆ ನನ್ನನ್ನು ಕೇಳಬೇಡಿ. ಮಕ್ಕಳನ್ನು ಆಗಲೇ ಆ ಕಡೆ ಬಿಟ್ಟಿದ್ದಾರೆಂದು ಕಾಣುತ್ತದೆ, ಕೂಗಾಟ ಇಲ್ಲಿಗೇ ಕೇಳಿಸುತ್ತಿದೆ. ಬನ್ನಿ, ಹೋಗೋಣ.